ಮಡಿಸಿದ ಹೆಬ್ಬೆರಳು

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಏಳರವರೆಗೆ ಎಣಿಸಬೇಕು. ಅಲ್ಲಿಯವರೆಗೆ ಬಾಯಿ ತೆರೆಯಬಾರದು. ಹೊಸ ಶಾಲೆಯಲ್ಲಿ ನನಗೆ ಸಿಕ್ಕ ಮೊದಲ ಬುದ್ಧಿವಾದ ಇದು. ಹೇಳಿದವರು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಹದಿನಾರು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ಗಂಟಲು ಹರಿದುಕೊಂಡು ಬಂದವಳು ನಾನು. ಸುಮ್ಮನಿರುವುದೂ ಪಾಠದ ಒಂದು ಭಾಗ ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮೊದಲು ನಾನಿದ್ದದ್ದು ಅರಸೀಕೆರೆ ಪೇಟೆಯ ಒಂದು ಖಾಸಗಿ ಕನ್ನಡ ಪ್ರೌಢಶಾಲೆಯಲ್ಲಿ. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗುತ್ತಾ ಬಂದು, ಕೊನೆಯ ವರ್ಷ ಹತ್ತನೇ ತರಗತಿಯಲ್ಲಿ ಒಂಬತ್ತೇ ಜನ ಉಳಿದರು. ಆ ಒಂಬತ್ತು ಮಕ್ಕಳನ್ನು ಪಾಸು ಮಾಡಿಸಿ ಕಳಿಸಿ ಶಾಲೆಗೆ ಬೀಗ ಹಾಕಿದರು. ನನಗಾಗ ನಲವತ್ತೈದು. ಪಾಠ ಬಿಟ್ಟರೆ ಬೇರೆ ಕೆಲಸ ಬಾರದು. ಎರಡು ತಿಂಗಳು ಮನೆಯಲ್ಲಿ ಕೂತಿದ್ದಕ್ಕೇ ತಲೆ ಕೆಟ್ಟುಹೋಗಿತ್ತು. ತರಕಾರಿಯವಳು ಬಂದರೆ ಅವಳಿಗೂ ಟೊಮೇಟೊ ಯಾವ ಖಂಡದಿಂದ ಬಂತು ಎಂದು ಹೇಳಿ ಕಳಿಸುತ್ತಿದ್ದೆ. ಆ ಹೊತ್ತಿಗೆ ಹಳೇಬೀಡಿನ ರಸ್ತೆಯಲ್ಲಿ, ತೆಂಗಿನ ತೋಟಗಳ ನಡುವೆ ಎದ್ದಿದ್ದ ಒಂದು ಇಂಟರ್‌ನ್ಯಾಷನಲ್ ಶಾಲೆಯವರು ಕರೆದರು. ಈ ಭಾಗದ ಇತಿಹಾಸ ಗೊತ್ತಿರುವವರು ಬೇಕಾಗಿದೆ ಎಂದರು. ಗೊತ್ತಿದೆ ಎಂದೆ. ಒಂದು ವರ್ಷ ಪ್ರೊಬೇಷನ್. ವರ್ಷದೊಳಗೆ ಮೂರು ಸಲ ನನ್ನ ಪಾಠವನ್ನು ಕೂತು ನೋಡುತ್ತಾರೆ; ಮೂರನೆಯದಾದ ಮೇಲೆ ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ತೀರ್ಮಾನವಾಗುತ್ತದೆ.

ಅಲ್ಲಿ ನನ್ನ ವಿಷಯಕ್ಕೆ ಹ್ಯುಮ್ಯಾನಿಟೀಸ್ ಎಂದು ಹೆಸರು. ಅದೇ ಇತಿಹಾಸ, ಅದೇ ಭೂಗೋಳ, ಜೊತೆಗೊಂದಿಷ್ಟು ಪೌರನೀತಿ. ಆದರೆ ನೋಟ್ಸ್ ಬರೆಸುವಂತಿಲ್ಲ. ನನ್ನ ಹತ್ತಿರ ರಟ್ಟು ಹಾಕಿಸಿದ ನಾಲ್ಕು ನೋಟ್ಸ್ ಪುಸ್ತಕಗಳಿದ್ದವು: ಕಾರಣಗಳು ಐದು, ಪರಿಣಾಮಗಳು ಆರು. ಮಕ್ಕಳು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಇಳಿಸಿದರೆ ನನ್ನ ಕೆಲಸ ಆದಂತೆ. ಇಲ್ಲಿ ಒಂಬತ್ತನೇ ತರಗತಿಯ ಹದಿನೆಂಟು ಮಕ್ಕಳಿಗೆ ನಾನು ಕಾರಣ ಹೇಳಬಾರದು, ಅವರೇ ಹುಡುಕಬೇಕು. ಏನೇ ಓದಿದರೂ, ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕು. ಒಟ್ಟಿನಲ್ಲಿ 'ಆಧಾರ' ಎಂಬ ಒಂದೇ ಪದದ ಸುತ್ತ ಇಡೀ ವರ್ಷದ ಪಾಠ. ಜೂನ್ ತಿಂಗಳಲ್ಲಿ ಬೋರ್ಡಿನ ಮೂಲೆಯಲ್ಲಿ ಆ ಪದವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು, ಯಾರೂ ಅಳಿಸಬಾರದೆಂದು ಸುತ್ತಲೂ ಚೌಕ ಹಾಕಿಟ್ಟಿದ್ದೆ.

ನಮ್ಮ ವಿಭಾಗದ ಕೋಆರ್ಡಿನೇಟರ್ ಬೆಂಗಳೂರಿನವರು. ಏಳರವರೆಗೆ ಎಣಿಸಿ ಎಂದದ್ದು ಅವರೇ. ಒಳ್ಳೆಯ ಹೆಂಗಸು, ಅದೇ ನನಗೆ ಕಷ್ಟ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಹಗುರವಾಗಬಹುದಿತ್ತು. ಮೊದಲ ಸಲ ನನ್ನ ತರಗತಿಯಲ್ಲಿ ಕೂತವರು, ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕಾಫಿ ತರಿಸಿಕೊಟ್ಟು ಹೇಳಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಲವತ್ತು ನಿಮಿಷದಲ್ಲಿ ನೀವು ಮೂವತ್ತೊಂದು ಪ್ರಶ್ನೆ ಕೇಳಿದ್ರಿ. ಅದ್ರಲ್ಲಿ ಇಪ್ಪತ್ತಾರಕ್ಕೆ ನೀವೇ ಉತ್ತರ ಹೇಳಿದ್ರಿ."

"ಮಕ್ಕಳು ಹೇಳಲಿಲ್ಲವಲ್ಲ ಮೇಡಂ."

"ಹೇಳೋಕೆ ನೀವು ಬಿಟ್ರೆ ತಾನೆ?"

ಕಾಫಿ ನಾಲಿಗೆ ಸುಟ್ಟಿತು. ಇಪ್ಪತ್ತಾರು ಎಂದು ಲೆಕ್ಕ ಹಾಕಿ ಹೇಳಿದ್ದು ನನಗೆ ಯಾರೋ ಬೆನ್ನ ಮೇಲೆ ಬರೆದಂತಾಗಿತ್ತು. ಮನೆಗೆ ಹೋಗಿ ಅಭ್ಯಾಸ ಶುರು ಮಾಡಿದೆ. ಮನೆಯಲ್ಲಿ ಸಿಕ್ಕವರು ಯಜಮಾನರೊಬ್ಬರೇ. ಅಂಚೆ ಕಚೇರಿಯ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತವರನ್ನು, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿ, ಅವರ ಮುಖವನ್ನೇ ನೋಡುತ್ತಾ ಒಂದು, ಎರಡು, ಮೂರು ಎಂದು ಎಣಿಸಿದೆ. ನಾಲ್ಕಕ್ಕೆ ಅವರು ತುತ್ತು ಕೆಳಗಿಟ್ಟರು.

"ಏನೇ, ಹಂಗ್ಯಾಕೆ ನೋಡ್ತೀಯ? ಏನಾದ್ರೂ ಬಿದ್ದಿದೆಯಾ ಇದರಲ್ಲಿ?"

ಎರಡನೇ ಸಲದ ಪಾಠದಲ್ಲಿ ಏಳರವರೆಗೆ ಹೋಗಲು ನಿಜವಾಗಿಯೂ ಪ್ರಯತ್ನಿಸಿದೆ. ತರಗತಿಯಲ್ಲಿ ಪ್ರಶ್ನೆ ಕೇಳಿ ಸುಮ್ಮನೆ ನಿಂತಾಗ ಆಗುವ ನಿಶ್ಶಬ್ದವನ್ನು ನೀವೂ ಅನುಭವಿಸಬೇಕು. ಮೂರಕ್ಕೆ ಅಂಗೈ ಬೆವರುತ್ತದೆ. ಈ ಮಕ್ಕಳಿಗೆ ನಾನು ಏನೂ ಕಲಿಸಿಲ್ಲ, ಹಿಂದೆ ಕೂತವರಿಗೆ ಅದು ಈಗ ಗೊತ್ತಾಗುತ್ತದೆ ಎಂದು ನಾಲ್ಕಕ್ಕೆ ಅನ್ನಿಸುತ್ತದೆ. ಐದಕ್ಕೆ ನಾನು ಒಂದು ಸುಳಿವು ಕೊಟ್ಟೆ. ಆರಕ್ಕೆ ಉತ್ತರವನ್ನೇ ಹೇಳಿಬಿಟ್ಟೆ. ಕೋಆರ್ಡಿನೇಟರ್ ಬರೆದುಕೊಂಡರು. ಸಂಜೆ ಬಂದ ಕಾಗದದಲ್ಲಿ, ಶಿಕ್ಷಕಿಗೆ ಮಕ್ಕಳ ಮೇಲೆ ನಂಬಿಕೆ ಇನ್ನೂ ಬರಬೇಕಾಗಿದೆ ಎಂದಿತ್ತು. ನಂಬಿಕೆ ಇಲ್ಲದಿದ್ದದ್ದು ನನ್ನ ಮೇಲೆ. ಆದರೆ ಅದನ್ನು ಹೇಳಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಮೂರನೆಯದನ್ನು ಫೆಬ್ರವರಿಯಲ್ಲಿ ಇಟ್ಟರು. ತರಗತಿಯಲ್ಲಲ್ಲ, ಹಳೇಬೀಡಿನ ದೇವಸ್ಥಾನದಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ನಿಲ್ಲಿಸಿ ಪಾಠ ಮಾಡಬೇಕು, ಅವರು ನೋಡುತ್ತಾರೆ. ಅದನ್ನು ತಿಳಿಸಿದ ದಿನದಿಂದ ನನಗೆ ಊಟ ಸೇರದಾಯಿತು. ಎರಡು ಸಲ ಹಾಲು ಉಕ್ಕಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿ, ಏನ್ರೀ ಇಂಟರ್‌ನ್ಯಾಷನಲ್ಲು ಎಂದು ತಮಾಷೆ ಮಾಡಿದರೆ, ಇವರಿಗೆ ಎಲ್ಲಾ ಗೊತ್ತಾಗಿಬಿಟ್ಟಿದೆ ಎಂದುಕೊಂಡು ಬೇಗ ಬೇಗ ನಡೆದುಬಿಟ್ಟೆ. ಈ ಕೆಲಸ ಹೋದರೆ ಅರಸೀಕೆರೆಯಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗಲಿ ಎಂಬುದೊಂದೇ ಯೋಚನೆ. ಮತ್ತೊಂದು ಶಾಲೆ ನನ್ನನ್ನು ಕರೆಯುವುದಿಲ್ಲ. ಇನ್ನು ಜೀವಮಾನವಿಡೀ ತರಕಾರಿಯವಳಿಗೇ ಪಾಠ.

ಹೀಗೆ ಹೆದರಿದ್ದಾಗಲೇ ನಾನು ಆ ಕೆಲಸ ಮಾಡಿದ್ದು.

ಹಳೆಯ ಶಾಲೆಗೆ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ, ಹಿಂದಿನ ದಿನ ನಮ್ಮ ಹೆಡ್‌ಮಾಸ್ಟರು ಒಂದೊಂದೇ ತರಗತಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಮಕ್ಕಳಿಗೆ ಒಂದು ಪಾಠ ಹೇಳಿಕೊಡುತ್ತಿದ್ದರು. "ನಾಳೆ ನಿಮ್ ಮೇಡಂ ಏನೇ ಕೇಳಲಿ, ಎಲ್ರೂ ಕೈ ಎತ್ತಬೇಕು. ಗೊತ್ತಿರೋರು ಐದೂ ಬೆರಳು ಬಿಡಿಸಿ ಎತ್ರಿ. ಗೊತ್ತಿಲ್ದೋರು ಹೆಬ್ಬೆಟ್ಟು ಮಡಿಸ್ಕೊಂಡು ಎತ್ರಿ." ಸಾಹೇಬರು ಕೂರುವುದು ಕೊನೆಯ ಬೆಂಚಿನಲ್ಲಿ. ಅವರಿಗೆ ಕಾಣುವುದು ಕೈಯ ಹಿಂಭಾಗ ಮಾತ್ರ; ಇಡೀ ತರಗತಿ ಕೈ ಎತ್ತಿದೆ ಎಂದು ಸಂತೋಷಪಡುತ್ತಾರೆ. ಎದುರು ನಿಂತ ನಮಗೆ ಅಂಗೈ ಕಾಣುತ್ತದೆ. ಐದು ಬೆರಳಿರುವ ಕೈಯನ್ನೇ ಆರಿಸಿ ಎಬ್ಬಿಸುತ್ತೇವೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇದು ಮೋಸವಲ್ಲವೇ ಸಾರ್ ಎಂದು ಕೇಳಿದ್ದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಮಗೂ ಮರ್ಯಾದೇನೂ ಉಳೀತು, ನಮ್ಮ ಮರ್ಯಾದೇನೂ ಉಳೀತು ಕಣಮ್ಮ" ಎಂದಿದ್ದರು. ಅವರು ಮಕ್ಕಳ ಮೇಲೆ ಒಂದು ದಿನವೂ ಕೈ ಮಾಡಿದವರಲ್ಲ. ಅವರ ಮಾತು ನನಗೆ ಸರಿಯೆನ್ನಿಸಿತ್ತು. ಆಮೇಲೆ ತಪಾಸಣೆ ಇಲ್ಲದ ದಿನವೂ ನಮ್ಮ ತರಗತಿಗಳಲ್ಲಿ ಹೆಬ್ಬೆರಳು ಮಡಿಸುವುದು ನಡೆದೇ ಇತ್ತು. ಅದು ಮಕ್ಕಳಿಗೂ ನನಗೂ ರೂಢಿಯಾಗಿಹೋಗಿತ್ತು.

ಹಳೇಬೀಡಿಗೆ ಹೋಗುವ ಹಿಂದಿನ ಶುಕ್ರವಾರ, ಕೊನೆಯ ಪೀರಿಯಡ್ಡಿನಲ್ಲಿ, ನಾನೂ ಬಾಗಿಲು ಮುಂದೆ ಮಾಡಿದೆ. ಮಕ್ಕಳಿಗೆ ಹೆಬ್ಬೆರಳಿನ ವಿಷಯ ಹೇಳಿದೆ. ಅವರಿಗೆ ಎಲ್ಲಿಲ್ಲದ ಖುಷಿ. ಅರ್ಧದಷ್ಟು ಮಕ್ಕಳು ಬೆಂಗಳೂರಿನಿಂದ ಬಂದು ಹಾಸ್ಟೆಲಿನಲ್ಲಿರುವವರು; ಅವರಿಗೆ ಇದೊಂದು ಆಟದಂತೆ ಕಂಡಿತು. ಒಬ್ಬರ ಅಂಗೈಯನ್ನು ಒಬ್ಬರು ನೋಡಿಕೊಂಡು ನಕ್ಕರು. ಕೇಳಲಿರುವ ಎಂಟು ಪ್ರಶ್ನೆಗಳನ್ನೂ ಓದಿ ಹೇಳಿದೆ. ಚೆನ್ನಾಗಿ ಮಾತಾಡುವ ಮೂವರಿಗೆ ಉತ್ತರಗಳನ್ನೂ ಹಂಚಿದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ನಗದೆ ಕೂತಿದ್ದವಳು ಒಬ್ಬಳೇ. ಗಂಡಸಿ ಎಂಬ ಊರಿನ ಕಡೆಯ ಹುಡುಗಿ. ತೋಟ, ದನ ಇರುವ ಮನೆಯವಳು. ದಿನಾ ಬಸ್ಸಿನಲ್ಲಿ ಅರಸೀಕೆರೆಗೆ ಬಂದು, ನಾನು ಹತ್ತುವ ಶಾಲೆಯ ವ್ಯಾನನ್ನೇ ಹತ್ತುತ್ತಿದ್ದಳು. ಮಾತು ಕಡಿಮೆ. ಇಂಗ್ಲಿಷ್ ತಡವರಿಸುತ್ತದೆಂದು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವತ್ತು ಎಲ್ಲರೂ ಬ್ಯಾಗು ಹೆಗಲಿಗೆ ಹಾಕಿಕೊಳ್ಳುವಾಗ ಕನ್ನಡದಲ್ಲೇ ಕೇಳಿದಳು.

"ಮೇಡಂ, ಹೆಬ್ಬೆಟ್ಟು ಮಡಿಸಿದೋರ್ನ ನೀವು ಕೇಳೋದೇ ಇಲ್ವಾ?"

"ಇಲ್ಲ ಕಣೇ, ಹೆದರ್ಕೋಬೇಡ."

"ಮತ್ತೆ ಅವ್ರು ಯಾವಾಗ ಕಲಿಯೋದು?"

"ಆಮೇಲೆ ನೋಡೋಣ ಹೋಗು, ವ್ಯಾನ್ ಹೊರಡುತ್ತೆ" ಎಂದೆ.

ಶನಿವಾರ ಬೆಳಿಗ್ಗೆ ಜಾವಗಲ್ ದಾಟುವಷ್ಟರಲ್ಲಿ ಎಂಟು ಪ್ರಶ್ನೆಗಳನ್ನೂ ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಹಳೇಬೀಡಿನಲ್ಲಿ ಶೂ ಬಿಟ್ಟು, ಕಾಲುಚೀಲದಲ್ಲೇ ದೇವಸ್ಥಾನದ ಜಗತಿ ಕಟ್ಟೆಯ ಮೇಲೆ ಹತ್ತಿದೆವು. ಹತ್ತೂವರೆಗೇ ಕಲ್ಲು ಕಾದಿತ್ತು. ಗೋಡೆಗೆ ಬೆನ್ನು ಕೊಟ್ಟು ನಾನು ನಿಂತೆ, ನನ್ನೆದುರು ಹದಿನೆಂಟು ಮಕ್ಕಳು, ಅವರ ಹಿಂದೆ ಪುಸ್ತಕ ಹಿಡಿದ ಕೋಆರ್ಡಿನೇಟರ್. ಹಳೆಯ ಶಾಲೆಯಲ್ಲಿ ಸಾಹೇಬರು ಕೂರುತ್ತಿದ್ದುದು ಸರಿಯಾಗಿ ಅಲ್ಲೇ.

ಮೊದಲ ಪ್ರಶ್ನೆ ಕೇಳಿದೆ. ಹದಿನೆಂಟೂ ಕೈ ಮೇಲಕ್ಕೆ ಹೋದವು. ಕೋಆರ್ಡಿನೇಟರ್ ತಲೆ ಎತ್ತಿ ನೋಡಿದರು. ನಾನು ನಿಧಾನವಾಗಿ, ಯಾವ ಆತುರವೂ ಇಲ್ಲದವಳಂತೆ, ಏಳರವರೆಗೆ ಎಣಿಸಿದೆ. ಉತ್ತರ ಎಲ್ಲಿದೆ ಎಂದು ಗೊತ್ತಿದ್ದರೆ ಎಣಿಸುವುದು ಎಷ್ಟು ಸುಲಭ! ಐದು ಬೆರಳಿನ ಕೈಯೊಂದನ್ನು ಆರಿಸಿದೆ. ಚಂದದ ಉತ್ತರ ಬಂತು. ಎರಡು, ಮೂರು, ನಾಲ್ಕು, ಹೀಗೆ ಏಳು ಪ್ರಶ್ನೆಗಳೂ ಬೆಣ್ಣೆಯಂತೆ ಜಾರಿದವು. ಆದರೆ ಆ ಗಂಡಸಿಯ ಹುಡುಗಿ ಎರಡನೇ ಸಾಲಿನಲ್ಲಿ ನಿಂತು, ಪ್ರತಿ ಪ್ರಶ್ನೆಗೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತುತ್ತಿದ್ದಳು. ಹೆಬ್ಬೆರಳು ಮಡಿಸಿಯೇ ಇತ್ತು. ನಾನು ಅವಳ ಕಡೆ ನೋಡುವುದನ್ನೇ ಬಿಟ್ಟೆ.

ಎಂಟನೆಯದು ಕೊನೆಯ ಪ್ರಶ್ನೆ. ಗೋಡೆಯಲ್ಲಿ ಸುತ್ತಲೂ ಕೂದಲೆಳೆಯಷ್ಟು ಸಣ್ಣ ಕೆತ್ತನೆ; ನಡುವೆ ಒಂದು ಕಲ್ಲನ್ನು ಮಾತ್ರ ಏನೂ ಕೆತ್ತದೆ ಹಾಗೇ ಬಿಟ್ಟಿದ್ದಾರೆ. ಯಾಕೆ? ನನ್ನ ನೋಟ್ಸಿನಲ್ಲಿ ಅದಕ್ಕೆ ಒಂದೇ ಸಾಲಿನ ಉತ್ತರ: ಉತ್ತರ ಭಾರತದ ಸೈನ್ಯ ದಾಳಿ ಮಾಡಿದ್ದರಿಂದ ಕೆಲಸ ಅರ್ಧಕ್ಕೆ ನಿಂತಿತು. ಹದಿನಾರು ವರ್ಷ ಅದನ್ನು ಬರೆಸಿದ್ದೆ. ಕೈಗಳೆಲ್ಲ ಎದ್ದವು. ನಾನು ಎಣಿಸತೊಡಗಿದೆ. ನಾಲ್ಕಕ್ಕೆ ಬರುವಾಗ ಕೋಆರ್ಡಿನೇಟರ್ ಮಕ್ಕಳನ್ನು ಬಳಸಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತರು.

"ಸಾರಿ ಮೇಡಂ, ನಾನು ಮಧ್ಯೆ ಬರಬಾರದು. ಆದರೆ ಆ ಹುಡುಗಿ ಬೆಳಿಗ್ಗೆಯಿಂದ ಪ್ರತಿ ಪ್ರಶ್ನೆಗೂ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದಾಳೆ, ನೀವು ಒಂದು ಸಲಾನೂ ಕೇಳ್ಲಿಲ್ಲ. ಕೇಳೋಣ್ವಾ?"

ನನ್ನ ಕಾಲ ಕೆಳಗಿನ ಕಲ್ಲು ತಣ್ಣಗಾಯಿತು. ಮಕ್ಕಳ ನಡುವೆ ಎಲ್ಲೋ ಒಂದು ಕಿಸಕ್ಕೆಂಬ ನಗು ಕೇಳಿ ಅಲ್ಲೇ ನಿಂತಿತು. ಹುಡುಗಿ ಕೈ ಇಳಿಸಿ ನನ್ನನ್ನೇ ನೋಡಿದಳು. ಅವಳು ಬಾಯಿ ತೆರೆದು, ಮೇಡಂ ಹೇಳಿಕೊಟ್ಟಿದ್ದಾರೆ ಎಂದರೆ ಅಲ್ಲಿಗೆ ಎಲ್ಲಾ ಮುಗಿಯಿತು. ಅವತ್ತು ನಾನು ಕಾದದ್ದು ಏಳಕ್ಕಿಂತ ಹೆಚ್ಚೇ ಇರಬೇಕು.

"ನಂಗೆ ಗೊತ್ತಿಲ್ಲ ಮೇಡಂ" ಎಂದಳು ಹುಡುಗಿ.

"ಗೊತ್ತಿಲ್ದೆ ಕೈ ಎತ್ತಿದ್ಯಾ?" ಎಂದರು ಕೋಆರ್ಡಿನೇಟರ್, ನಗುತ್ತಲೇ.

"ಹೂಂ. ಗೊತ್ತಿಲ್ಲ ಅಂತ ಹೇಳೋಕೇ ಎತ್ತಿದ್ದು." ಇಂಗ್ಲಿಷಿನ ಗೋಜಿಗೇ ಹೋಗದೆ ತಮ್ಮೂರ ಮಾತಿನಲ್ಲೇ ಮುಂದುವರಿಸಿದಳು. "ದಾಳಿ ಆಯ್ತು, ಅದಕ್ಕೇ ನಿಂತೋಯ್ತು ಅಂತಾರೆ. ನಮ್ಮೂರಲ್ಲಿ ದೊಡ್ಡಪ್ಪ ಮನೆ ಕಟ್ತಾವ್ರೆ. ಗಾರೆ ಕೆಲಸದೋರು ಒಂದ್ ಗೋಡೆ ಹಂಗೇ ಬಿಟ್ಟು ಹಾಸನದ ಕಡೆ ಹೊಂಟೋದ್ರು. ಯಾವ ರಾಜನೂ ದಾಳಿ ಮಾಡಿರ್ಲಿಲ್ಲ. ಇಲ್ಲೂ ಹಂಗೇ ಆಗಿರ್ಬೋದಲ್ವಾ? ಇದು ದಾಳಿಯಿಂದ್ಲೇ ನಿಂತಿದ್ದು ಅಂತ ಈ ಕಲ್ಲು ನೋಡಿದ್ರೆ ಹೆಂಗ್ ಗೊತ್ತಾಯ್ತದೆ?"

ಮಕ್ಕಳು ಗೊಳ್ಳೆಂದು ನಕ್ಕರು. ಆದರೆ ನಗು ಬೇಗ ನಿಂತಿತು. ಹಾಸ್ಟೆಲಿನ ಒಬ್ಬ ಹುಡುಗ, ಒಂದೇ ಕಲ್ಲು ಹೀಗಿದೆಯೋ ಬೇರೆ ಕಡೆಯೂ ಇದೆಯೋ ನೋಡಬೇಕು ಎಂದ. ಇನ್ನೊಬ್ಬಳು, ದಾಳಿಯಿಂದ ನಿಂತಿದ್ದರೆ ಎಲ್ಲಾ ಕಡೆ ಒಟ್ಟಿಗೇ ನಿಂತಿರಬೇಕಲ್ಲವೇ ಎಂದಳು. ನಾಲ್ಕು ಗುಂಪಾಗಿ ದೇವಸ್ಥಾನದ ಸುತ್ತ ಚದುರಿದರು. ಕಾಲು ಸುಡುತ್ತಿದ್ದರಿಂದ ಕುಣಿದುಕೊಂಡೇ ಓಡಾಡಿದರು. ಅಂಥ ಕಲ್ಲುಗಳು ಇನ್ನೂ ಕೆಲವು ಸಿಕ್ಕವು. ಚಿತ್ರ ಬರೆದುಕೊಂಡರು, ಜಗಳ ಆಡಿದರು, ಯಾವ ತೀರ್ಮಾನಕ್ಕೂ ಬರಲಿಲ್ಲ. ಇಪ್ಪತ್ತು ನಿಮಿಷ ನಾನು ಒಂದು ಮಾತೂ ಆಡಲಿಲ್ಲ. ಅದು ನನ್ನ ಜಾಣತನವಲ್ಲ. ಹೆದರಿಕೆಯಿಂದ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು.

ವಾಪಸು ಬರುವಾಗ ವ್ಯಾನಿನಲ್ಲಿ ಕೋಆರ್ಡಿನೇಟರ್ ನನ್ನ ಪಕ್ಕ ಕೂತರು. ಮುಖ ಅರಳಿತ್ತು.

"ಮೇಡಂ, ಅಷ್ಟು ಜನರ ಮುಂದೆ ಒಂದು ಮಗು ನಂಗೆ ಗೊತ್ತಿಲ್ಲ ಅಂತ ಕೈ ಎತ್ತಿ ಹೇಳುತ್ತೆ ಅಂದ್ರೆ ಏನರ್ಥ? ನಿಮ್ಮ ಕ್ಲಾಸಲ್ಲಿ ಅಷ್ಟು ಧೈರ್ಯ ಬಂದಿದೆ ಅಂತ. ಅದನ್ನ ಯಾವ ಟ್ರೈನಿಂಗ್‌ನಲ್ಲೂ ಕಲಿಸೋಕಾಗಲ್ಲ. ಸೋಮವಾರ ರಿಪೋರ್ಟ್ ಕಳಿಸ್ತೀನಿ, ಖಾಯಂ ಆಯ್ತು ಅಂತಲೇ ಅಂದ್ಕೊಳ್ಳಿ."

ಥ್ಯಾಂಕ್ಸ್ ಎಂದೆ. ಇನ್ನೇನು ಹೇಳಲಿ? ಒಂಬತ್ತು ತಿಂಗಳು ಕಾದ ಮಾತು ಅದು. ಸಂತೋಷವಾಗಬೇಕಿತ್ತು. ಬೇರೆ ಯಾರಿಗೋ ಬಂದ ಕಾಗದವನ್ನು ಒಡೆದು ಓದಿದಂತಾಯಿತು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನಾನೂ ಆ ಹುಡುಗಿಯೂ ಇಳಿದೆವು. ಗಂಡಸಿ ಬಸ್ಸು ಹೊರಡಲು ನಿಂತಿತ್ತು. ಅವಳು ನಾಲ್ಕು ಹೆಜ್ಜೆ ಹೋದವಳು ಮತ್ತೆ ನನ್ನ ಹತ್ತಿರ ಬಂದಳು.

"ಮೇಡಂ, ನಾನು ಹೇಳ್ಲಿಲ್ಲ."

"ಏನನ್ನ?"

ಅಂಗೈ ತೋರಿಸಿ ಹೆಬ್ಬೆರಳು ಮಡಿಸಿದಳು. ಯಾರಾದರೂ ನೋಡಿಯಾರು ಎಂಬಂತೆ ಆ ಕಡೆ ಈ ಕಡೆ ನೋಡಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಬತ್ತೀನಿ ಮೇಡಂ" ಎಂದು ಓಡಿ ಬಸ್ಸು ಹತ್ತಿದಳು. ಹದಿನಾಲ್ಕು ವರ್ಷದ ಮಗು ನನ್ನ ಕೆಲಸ ಉಳಿಸಲು ಬಾಯಿ ಮುಚ್ಚಿಕೊಂಡಿತ್ತು. ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಅವಳು ಮನೆಯಲ್ಲಿ ಯಾರಿಗಾದರೂ ಹೇಳಿಬಿಟ್ಟರೆ ಎಂಬ ಹೆದರಿಕೆಯೂ ಬಂತು. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಊರ ಹತ್ತಿರದ ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಹೋದೆ. ಖಾಯಂ ಆದರೆ ಬೆಟ್ಟ ಹತ್ತಿ ಬರುತ್ತೇನೆಂದು ಜನವರಿಯಲ್ಲೇ ಹರಕೆ ಹೊತ್ತಿದ್ದೆ; ಆದ ಹಾಗೇ ಎಂದಿದ್ದಾರಲ್ಲ, ಇನ್ನು ತಡ ಮಾಡಬಾರದು ಎಂದುಕೊಂಡೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕೂರಲಾಗಲಿಲ್ಲ. ಬೆಟ್ಟದ ಕೆಳಗೆ ಹಣ್ಣುಕಾಯಿ ಅಂಗಡಿಯ ಮುಂದೆ ನಿಂತಾಗ, ಒಳಗಿದ್ದ ಹೆಂಗಸು ಕಾಯಿಯ ಜುಟ್ಟು ಕೀಳುವುದನ್ನು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. ಮೂವತ್ತರ ಹತ್ತಿರದ ವಯಸ್ಸು.

"ಮೇಡಂ! ನೀವೇ ಅಲ್ವಾ? ನಾನು ಮೇಡಂ, ಕಿಟಕಿ ಪಕ್ಕ ಕೂರ್ತಿದ್ದೋಳು. ನಿಮ್ ಹತ್ರ ಮೂರು ವರ್ಷ ಓದಿದೀನಿ."

ನನಗೆ ಗುರುತು ಸಿಗಲಿಲ್ಲ. ಅವಳ ವಯಸ್ಸಿನವರ ಬ್ಯಾಚಿನಲ್ಲಿ ಪಟಪಟನೆ ಉತ್ತರ ಹೇಳುತ್ತಿದ್ದವರೆಲ್ಲರ ಮುಖವೂ ನೆನಪಿದೆ, ಇವಳದು ಇಲ್ಲ. ಓ, ನೀನಾ ಎಂದು ಸುಳ್ಳು ನಗೆ ನಕ್ಕೆ.

"ನಿಮ್ ಪಿರೇಡ್ ಅಂದ್ರೆ ನಂಗೆ ಭಯಾನೇ ಇರ್ಲಿಲ್ಲ ಮೇಡಂ. ಬೇರೆ ಮೇಷ್ಟ್ರುಗಳು ನಿಲ್ಸಿ ಮಾನ ತೆಗೆಯೋರು. ನೀವು ಮೂರು ವರ್ಷದಲ್ಲಿ ಒಂದಿನಾನೂ ನನ್ನ ಎಬ್ಬಿಸ್ಲಿಲ್ಲ. ದೇವ್ರಂಥೋರು ನೀವು." ಬುಟ್ಟಿಗೆ ಹೂವು ಇಡುತ್ತಾ ಜೋರಾಗಿ ನಕ್ಕಳು. "ಹೆಬ್ಬೆಟ್ಟು ಮಡಿಸೋದು ಗ್ಯಾಪ್ನ ಐತಾ ಮೇಡಂ? ನಂಗಿನ್ನೂ ಹೋಗಿಲ್ಲ. ಮೊನ್ನೆ ಮಗಳ ಸ್ಕೂಲಲ್ಲಿ ಮೀಟಿಂಗ್ ಇತ್ತು. ಯಾರಿಗಾದ್ರೂ ಏನಾದ್ರೂ ಕೇಳೋದೈತಾ ಅಂದ್ರು. ನಾನೂ ಕೈ ಎತ್ತಿದೆ. ನೋಡ್ಕೊಂಡ್ರೆ ಹೆಬ್ಬೆಟ್ಟು ತಾನಾಗೇ ಮಡಚ್ಕೊಂಡೈತೆ!"

ನಾನೂ ನಕ್ಕೆ. "ಏನು ಕೇಳಬೇಕು ಅಂತಿದ್ದೆ?"

"ಏನಿಲ್ಲ ಮೇಡಂ. ಮಗೀಗೆ ಅಕ್ಷರ ಕೂಡ್ಸಿ ಓದೋಕೆ ಬರಲ್ಲ, ಮನೇಲಿ ನಾನೇನ್ ಮಾಡ್ಬೇಕು ಅಂತ." ಜುಟ್ಟು ಕಿತ್ತ ಕಾಯನ್ನು ಬುಟ್ಟಿಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. "ಅವ್ರು ಹೇಳಿದ್ರೂ ನಂಗೇನ್ ತಿಳೀತದೆ ಅಂತ ಕೈ ಇಳಿಸ್ಬಿಟ್ಟೆ. ನಿಧಾನಕ್ಕೆ ಹತ್ತಿ ಮೇಡಂ, ಬಿಸಿಲೈತೆ."

ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಕೂತುಬಿಟ್ಟೆ. ಏದುಸಿರು ಬಂದು ಕೂತೆನೆಂದುಕೊಂಡ ಹೆಂಗಸೊಬ್ಬಳು ನೀರಿನ ಬಾಟಲಿ ಕೊಟ್ಟಳು, ಕುಡಿದೆ. ಎಷ್ಟು ಮಕ್ಕಳನ್ನು ನಾನು ಹೀಗೆ ಮರ್ಯಾದೆಯಿಂದ ಕೈಬಿಟ್ಟಿರಬಹುದು ಎಂದು ಲೆಕ್ಕ ಹಾಕಲು ನೋಡಿದೆ, ಆಗಲಿಲ್ಲ. ಲೆಕ್ಕ ಹಾಕಲು ಮುಖಗಳಾದರೂ ನೆನಪಿರಬೇಕು. ಮೇಲೆ ಹೋಗಿ ಕೈ ಮುಗಿದೆ. ಕೆಲಸ ಉಳಿಸು ಎಂದು ಕೇಳಲು ಬಾಯಿ ಬರಲಿಲ್ಲ.

ಸೋಮವಾರ ಮೊದಲ ಬೆಲ್ಲಿಗೆ ಮುಂಚೆಯೇ ಕೋಆರ್ಡಿನೇಟರ್ ಕೋಣೆಗೆ ಹೋದೆ. ಅವರು ರಿಪೋರ್ಟನ್ನು ಅರ್ಧ ಟೈಪ್ ಮಾಡಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಶುಕ್ರವಾರ ಬಾಗಿಲು ಹಾಕಿದ್ದು, ಎಂಟು ಪ್ರಶ್ನೆಗಳನ್ನು ಮೊದಲೇ ಹೇಳಿದ್ದು, ಮೂವರಿಗೆ ಉತ್ತರ ಹಂಚಿದ್ದು, ಹೆಬ್ಬೆರಳು. ಅವರು ಒಂದು ಸಲವೂ ತಡೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಅವತ್ತು ಎಷ್ಟು ಮಕ್ಕಳು ಹೆಬ್ಬೆರಳು ಮಡಿಸಿದ್ರು ಮೇಡಂ?"

ಅವರು ಎಣಿಸುತ್ತಿದ್ದರೋ ಏನೋ, ಕಾದರು.

"ಗೊತ್ತಿಲ್ಲ" ಎಂದೆ. "ಬಿಡಿಸಿದ ಕೈಗಳನ್ನ ಮಾತ್ರ ನಾನು ನೋಡ್ತಿದ್ದೆ."

ಅವರು ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದರು. "ಈ ರಿಪೋರ್ಟ್ ಕಳಿಸೋಕಾಗಲ್ಲ. ಖಾಯಂ ಈಗ ಆಗಲ್ಲ. ಡಿಸೆಂಬರ್ ತನಕ ಪ್ರೊಬೇಷನ್ ಮುಂದುವರಿಸಿ ಅಂತ ಕೇಳ್ತೀನಿ. ಮೇಲಿನವರು ಒಪ್ತಾರೆ ಅಂತ ಮಾತು ಕೊಡೋಕಾಗಲ್ಲ." ನಾನು ಬಾಗಿಲವರೆಗೆ ಹೋದ ಮೇಲೆ ಮತ್ತೆ ಕರೆದರು. "ನಿಮಗೀಗ ಅದೇ ಕ್ಲಾಸ್ ಅಲ್ವಾ? ಹೋಗಿ, ಎಣಿಸಿಕೊಂಡು ಬನ್ನಿ."

ತರಗತಿಗೆ ಹೋದೆ. ಹೇಳಿಕೊಳ್ಳುವ ಧೈರ್ಯವೇನೂ ಬಂದಿರಲಿಲ್ಲ. ಕೆಲಸ ಹೋಗುವ ಹೆದರಿಕೆ ಇದ್ದ ಹಾಗೇ ಇತ್ತು, ಇವತ್ತಿಗೂ ಇದೆ. ಬಾಗಿಲು ತೆರೆದೇ ಬಿಟ್ಟೆ. ಮಕ್ಕಳಿಗೆ, ಇವತ್ತು ನೋಡಲು ಯಾರೂ ಬಂದಿಲ್ಲ, ಆದರೂ ಶುಕ್ರವಾರದ ನಿಯಮವೇ ಎಂದೆ. ಬೋರ್ಡಿನ ಮೂಲೆಯಲ್ಲಿ ಜೂನ್ ತಿಂಗಳಿಂದ ಚೌಕದೊಳಗೆ ಕೂತಿದ್ದ ಪದವನ್ನು ಬೆರಳಿಟ್ಟು ತೋರಿಸಿದೆ.

"ಆಧಾರ ಅಂದರೆ ಏನು?"

ಹದಿನೆಂಟು ಕೈಗಳೂ ಎದ್ದವು. ಎಲ್ಲರಿಗಿಂತ ಮೊದಲು ಗಂಡಸಿಯ ಹುಡುಗಿಯದು. ನಾನು ಬೆಂಚುಗಳ ನಡುವೆ ನಡೆಯುತ್ತಾ, ಒಂದೊಂದೇ ಅಂಗೈಯ ಮುಂದೆ ನಿಂತು, ಮಡಿಸಿದ ಹೆಬ್ಬೆರಳುಗಳನ್ನು ಎಣಿಸಿದೆ. ಒಂದು, ಎರಡು, ಮೂರು. ಏಳಕ್ಕೆ ಬಂದೆ, ಅಲ್ಲಿಗೆ ಮುಗಿಯಲಿಲ್ಲ. ಕೊನೆಯ ಬೆಂಚಿನ ಹತ್ತಿರ ಬಂದಾಗ ಹದಿನೈದಾಗಿತ್ತು.

ಒಂಬತ್ತು ತಿಂಗಳು ನಾನು ಮೂರು ಮಕ್ಕಳಿಗೆ ಪಾಠ ಮಾಡಿದ್ದೆ.